ಉಸಿರಾಡುವ ಬೆತ್ತದ ಬಾಗಿಲು

"ನಾಡಿದ್ದು ನಿಮ್ಮಕ್ಕ ಬರೋ ಹೊತ್ತಿಗೆ ಈ ದೋಣೀಲಿ ಮುಗ್ಗಲು ವಾಸನೆ ಅನ್ನೋದು ಹಳೇ ಕಥೆ ಆಗಿರುತ್ತೆ, ನೋಡ್ತಾ ಇರು!" ಎಂದು ಕ್ಯಾಪ್ಟನ್ ಎದ್ದು ನಿಂತು ಎದೆಯುಬ್ಬಿಸಿ ಘೋಷಿಸಿದ. ಎದ್ದು ನಿಂತದ್ದರಿಂದ ತಲೆ ಮೇಲಿನ ತೊಲೆಗೆ ಢಣ್ಣನೆ ಬಡಿಯಿತು. ದೋಣಿಯ ಕೋಣೆಯಲ್ಲಿ ಘೋಷಣೆಗಳನ್ನೆಲ್ಲ ಕುಳಿತುಕೊಂಡೇ ಮಾಡಬೇಕು, ಅದು ಅವನಿಗೆ ಇನ್ನೂ ರೂಢಿಯಾಗಿರಲಿಲ್ಲ.

ಕ್ಯಾಪ್ಟನ್ ಎಂದೊಡನೆ ಏಳು ಸಮುದ್ರ ದಾಟಿದ ಮಹಾಶಯ ಎಂದುಕೊಳ್ಳಬೇಡಿ. ಅವನು ಬದುಕಿಡೀ ಲಿಫ್ಟ್ ರಿಪೇರಿ ಮಾಡಿದವನು. ದೊಡ್ಡ ದೊಡ್ಡ ಕಟ್ಟಡಗಳ ಹೊಟ್ಟೆಯೊಳಗೆ ಮೇಲೆ ಕೆಳಗೆ, ಕೆಳಗೆ ಮೇಲೆ ಓಡಾಡಿ ಬೇಸತ್ತು, ನಿವೃತ್ತನಾದ ಮೇಲೆ ಇನ್ನಾದರೂ ಮುಂದಕ್ಕೆ ಹೋಗಬೇಕು ಎಂದು ಈ ಹಳೇ ದೋಣಿ ಕೊಂಡ. ಹೆಂಡತಿಯನ್ನು ಕೇಳಲಿಲ್ಲ. ಅವಳನ್ನು ಬೆರಗುಗೊಳಿಸಬೇಕೆಂಬುದು ಅವನ ಆಸೆ. ಅವಳು ಬೆರಗಾದದ್ದೂ ನಿಜ, ಬಾಡಿಗೆ ಮನೆ ಖಾಲಿ ಮಾಡಿದ ದಿನ ಬೆರಗಾದವಳು ಇನ್ನೂ ಚೇತರಿಸಿಕೊಂಡಿರಲಿಲ್ಲ. ದೋಣಿಯ ಇಂಜಿನ್ ಕಾಲುವೆಯ ಈ ದಡ ಮುಟ್ಟಿದ್ದೇ ತಡ, ಒಮ್ಮೆ ಕೆಮ್ಮಿ ಪ್ರಾಣ ಬಿಟ್ಟಿತ್ತು. ಅಂದಿನಿಂದ ಕಟ್ಟಿದ ಹಗ್ಗಕ್ಕೆ ಜೋತುಬಿದ್ದ ದೋಣಿ ನೀರು ಏರಿದರೆ ಮೇಲೆ, ಇಳಿದರೆ ಕೆಳಗೆ. ಒಟ್ಟಿನಲ್ಲಿ ಅವನ ನೌಕರಿಯೇ ಮುಂದುವರಿದಂತಾಗಿತ್ತು. ಪಕ್ಕದ ದೋಣಿಯವರು ಅವನಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟರು. ಅದರೊಳಗಿದ್ದ ಕುಚೋದ್ಯ ಅವನಿಗೆ ತಟ್ಟಲೇ ಇಲ್ಲ.

ಆ ವರ್ಷ ಜಿಟಿಜಿಟಿ ಮಳೆ ಹಿಡಿದದ್ದು ಬಿಡುವ ಮಾತೇ ಆಡಲಿಲ್ಲ. ಕಾಲುವೆ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಕಿಟಕಿಯ ಗಾಜು ಒಳಗಿನಿಂದ ಬೆವರುತ್ತಿತ್ತು. ಒಗೆದು ಹಾಕಿದ ಟವೆಲ್ಲು ಒಣಗುವ ಮೊದಲೇ ಮತ್ತೆ ಒಗೆಯುವ ಹಾಗಾಗುತ್ತಿತ್ತು. ಗೋಡೆಯುದ್ದಕ್ಕೂ ಇದ್ದ ಪುಟ್ಟ ಕಪಾಟುಗಳಲ್ಲಿ, ದೋಣಿಯವರ ಬಾಯಲ್ಲಿ ಅವು ಲಾಕರ್‌ಗಳು, ಬಟ್ಟೆಗೆಲ್ಲ ಬೂಷ್ಟು ಹಿಡಿದಿತ್ತು. ಅದಕ್ಕಿಂತ ಹೆಚ್ಚಾಗಿ ಹೆಂಡತಿಗೆ ಕೆಮ್ಮು ಹಿಡಿದಿತ್ತು. ಮೊದಮೊದಲು ಬೆಳಗಿನ ಹೊತ್ತು ಮಾತ್ರ ಬರುತ್ತಿದ್ದ ಕೆಮ್ಮು ಈಗ ಮನೆಯ ಮೂರನೆಯ ಮನುಷ್ಯನ ಹಾಗೆ ಹಗಲೆಲ್ಲ ಜೊತೆಗೇ ಇರುತ್ತಿತ್ತು.

"ಡಾಕ್ಟರು ಏನಂದ್ರು?" ಎಂದು ಕೇಳಿದ್ದ ಕ್ಯಾಪ್ಟನ್.

"ಒಣಗಿರೋ ಜಾಗ ಬೇಕಂತೆ. ಗಾಳಿ ಆಡ್ಬೇಕಂತೆ. ಅಕ್ಕ ಬಂದು ಕರ್ಕೊಂಡ್ ಹೋಗ್ತೀನಿ ಅಂದಿದ್ದಾಳೆ."

ಈ ಉತ್ತರದಲ್ಲಿ ಮೂರು ಮಾತಿತ್ತು. ಕ್ಯಾಪ್ಟನ್ನನ ಕಿವಿಗೆ ಬಿದ್ದದ್ದು ನಡುವಿನದೊಂದೇ. ಗಾಳಿ ಆಡಬೇಕು! ಹೌದಲ್ಲ! ಲಾಕರ್‌ಗಳ ಬಾಗಿಲು ಗಟ್ಟಿ ಪ್ಲೈವುಡ್ಡಿನವು. ಅವುಗಳ ನಡುಭಾಗ ಕತ್ತರಿಸಿ ತೆಗೆದು, ಅಲ್ಲಿಗೆ ಹೆಣೆದ ಬೆತ್ತದ ಜಾಲರಿ ಕೂರಿಸಿಬಿಟ್ಟರೆ ಬಟ್ಟೆ ಉಸಿರಾಡುತ್ತದೆ, ವಾಸನೆ ಹೋಗುತ್ತದೆ, ಕೆಮ್ಮು ಹೋಗುತ್ತದೆ, ಬಂದ ಅಕ್ಕ ಬಂದ ದಾರಿ ಹಿಡಿದು ಹೋಗುತ್ತಾಳೆ. ಹೆಂಡತಿ ಉಳಿಯುತ್ತಾಳೆ. ಇದಿಷ್ಟು ಅವನ ಲೆಕ್ಕ. ಈ ತೇವದ ಡಬ್ಬಿಯೊಳಗೆ ಒಬ್ಬನೇ ಇರಬೇಕಾಗುತ್ತದೆ ಎಂಬ ಭಯವೂ ಅದರೊಳಗಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದಕ್ಕಿಂತ ಬಾಗಿಲು ಕೊಯ್ಯುವುದು ಅವನಿಗೆ ಸುಲಭವಾಗಿತ್ತು.

ಮೊದಲ ದಿನ ಗರಗಸದ್ದು. ಲಾಕರ್‌ಗಳಲ್ಲಿದ್ದ ಸಾಮಾನೆಲ್ಲ ಮಂಚದ ಮೇಲೆ ಗುಡ್ಡೆಯಾಯಿತು. ಬಾಗಿಲುಗಳನ್ನು ಕಳಚಿ, ಊಟದ ಮೇಜಿನ ಮೇಲೆ ಮಲಗಿಸಿ ಕ್ಯಾಪ್ಟನ್ ಶಸ್ತ್ರಚಿಕಿತ್ಸೆಗೆ ಇಳಿದ. ಪ್ಲೈವುಡ್ಡಿನ ಪುಡಿ ಚಹಾಕ್ಕೆ ಬಿತ್ತು, ಹಾಸಿಗೆಗೆ ಬಿತ್ತು, ಹೆಂಡತಿಯ ಗಂಟಲಿಗೂ ಬಿತ್ತು.

"ಚೌಕಟ್ಟು ಇಷ್ಟೇ ಸಾಕಾ? ಎರಡು ಬೆರಳಗಲ ಇಲ್ವಲ್ಲ ರೀ" ಎಂದಳು ಅವಳು, ಸೆರಗಿನ ತುದಿಯಿಂದ ಮೂಗು ಮುಚ್ಚಿಕೊಂಡು.

"ಗಾಳಿ ವಿಷಯದಲ್ಲಿ ಜಿಪುಣತನ ಮಾಡಬಾರ್ದು ಕಣೇ! ದೊಡ್ಡ ಕಿಂಡಿ, ದೊಡ್ಡ ಗಾಳಿ!"

"ಬಾಗಿಲು ಅಂತ ಹೇಳ್ಕೊಳ್ಳೋಕೆ ಒಂಚೂರು ಮರ ಇರಲಿ."

"ಕೆಲಸ ಗೊತ್ತಿರೋರ ಕೈಗೆ ಬಿಟ್ಟು ನೀನು ಆರಾಮಾಗಿ ಕೂತ್ಕೋ."

ಕೂರಲು ಜಾಗವಿರಲಿಲ್ಲ. ಮಂಚದ ಮೇಲೆ ಸಾಮಾನು, ಕುರ್ಚಿಯ ಮೇಲೆ ಬಾಗಿಲು. ಅವಳು ದೋಣಿಯ ಮೆಟ್ಟಿಲ ಮೇಲೆ ಕೊಡೆ ಹಿಡಿದು ಕೂತು ಕೆಮ್ಮಿದಳು. ಒಳಗೆ ಗರಗಸದ ಸದ್ದಿನಲ್ಲಿ ಆ ಕೆಮ್ಮು ಕೇಳಿಸಲಿಲ್ಲ.

ಮರುದಿನ ಬೆತ್ತದ ಸರದಿ. ಸುರುಳಿ ಸುತ್ತಿ ತಂದಿದ್ದ ಜಾಲರಿ ಒಣಗಿದ್ದಾಗ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ, ಬಿಸಿನೀರಲ್ಲಿ ನೆನೆಸಿದರೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಚೌಕಟ್ಟಿನ ಸುತ್ತ ಸಣ್ಣ ತೋಡು ಕೊರೆದು, ನೆನೆದ ಜಾಲರಿಯ ಅಂಚನ್ನು ಅದರೊಳಗೆ ಇಳಿಸಿ, ಅಂಟು ಹಚ್ಚಿ, ಮೇಲೊಂದು ಬೆತ್ತದ ಪಟ್ಟಿ ಬಡಿದರೆ ಆಯಿತು. ಇಷ್ಟು ಅವನಿಗೂ ಗೊತ್ತಿತ್ತು. ಹಾಗಾಗಿ ದೋಣಿಯಲ್ಲಿದ್ದ ದೊಡ್ಡ ಪಾತ್ರೆ, ಸಣ್ಣ ಪಾತ್ರೆ, ಸ್ನಾನದ ತೊಟ್ಟಿ ಎಲ್ಲವೂ ಬೆತ್ತದ ಸೇವೆಗೆ ನಿಂತವು.

"ರೀ, ಹಬೆ ತಗೊಳ್ಬೇಕಿತ್ತು. ಒಂದು ಚೊಂಬು ಬಿಸಿನೀರು ಸಿಗುತ್ತಾ?"

"ಅಯ್ಯೋ, ಈಗ ತಾನೇ ಎಲ್ಲಾ ಬೆತ್ತಕ್ಕೆ ಸುರಿದೆನಲ್ಲ! ಗ್ಯಾಸೂ ಮುಗಿಯೋಕೆ ಬಂದಿದೆ. ಸಂಜೆ ಕಾಯಿಸ್ಕೊಡ್ತೀನಿ, ಆಯ್ತಾ?"

ಅವಳು ತೊಟ್ಟಿಯಲ್ಲಿ ಬೆಚ್ಚಗೆ ಮೈಚಾಚಿ ಮಲಗಿದ್ದ ಬೆತ್ತವನ್ನು ಒಂದು ಗಳಿಗೆ ನೋಡಿದಳು. ಈ ಮನೆಯಲ್ಲಿ ಯಾರ ಆರೈಕೆ ನಡೆಯುತ್ತಿದೆ ಎಂಬುದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ನೆನೆದ ಬೆತ್ತವನ್ನು ಸುಮ್ಮನೆ ಹಾಸಿ ಕೂರಿಸಬೇಕು, ಒಣಗುತ್ತ ಅದು ತನ್ನಷ್ಟಕ್ಕೆ ಬಿಗಿಯಾಗುತ್ತದೆ. ಆದರೆ ಬದುಕಿಡೀ ಲಿಫ್ಟಿನ ಉಕ್ಕಿನ ಹಗ್ಗ ಬಿಗಿದ ಕೈ ಸುಮ್ಮನಿದ್ದೀತೇ? ಸಡಿಲವಾದದ್ದನ್ನು ಕಂಡರೆ ಕ್ಯಾಪ್ಟನ್ನನಿಗೆ ನಿದ್ದೆ ಬಾರದು. ಮೆತ್ತಗೆ ಜೋಲುತ್ತಿದ್ದ ಜಾಲರಿ ನೋಡಿ ಅವನಿಗೆ ಮೈಯೆಲ್ಲ ಉರಿಯಿತು. ಚೌಕಟ್ಟಿನ ಮೇಲೆ ಒಂದು ಕಾಲಿಟ್ಟ. ಕಟಿಂಗ್ ಪ್ಲೇಯರಿನಲ್ಲಿ ಬೆತ್ತದ ಅಂಚು ಕಚ್ಚಿ ಹಿಡಿದ. ಹಲ್ಲು ಕಿರಿದು ಎಳೆದ. ಹಿಂದಕ್ಕೆ ಬಾಗಿ ಇನ್ನೊಮ್ಮೆ ಎಳೆದ. ದೋಣಿಯೇ ಒಂದು ಕಡೆ ವಾಲಿತು!

"ಅಷ್ಟೊಂದು ಯಾಕೆ ಎಳೀತೀರಿ? ಒದ್ದೆ ಉಣ್ಣೆ ಬಟ್ಟೆ ಒಣಗಿದ್ಮೇಲೆ ಕುಗ್ಗುತ್ತಲ್ಲ, ಇದೂ ಹಾಗೇ ಏನೋ."

"ಲಿಫ್ಟಿನ ಹಗ್ಗ ಸಡಿಲ ಇದ್ರೆ ಏನಾಗುತ್ತೆ ಗೊತ್ತಾ ನಿಂಗೆ?"

"ಇದು ಲಿಫ್ಟಾ?"

"ಬಿಗಿ ಅಂದ್ರೆ ಬಿಗಿ ಕಣೇ! ಎಲ್ಲಾದಕ್ಕೂ ಒಂದೇ ಶಾಸ್ತ್ರ!"

ಸಂಜೆಯಾಗುವಷ್ಟರಲ್ಲಿ ಬಾಗಿಲುಗಳೆಲ್ಲ ಸಿದ್ಧವಾದವು. ಚೆನ್ನಾಗಿಯೇ ಕಾಣುತ್ತಿದ್ದವು, ಅದನ್ನು ಒಪ್ಪಿಕೊಳ್ಳಬೇಕು. ಜೇನುಬಣ್ಣದ ಹೆಣಿಗೆ ಆ ಕತ್ತಲುಗಟ್ಟಿದ ಕೋಣೆಗೆ ಒಂದಿಷ್ಟು ಲಕ್ಷಣ ತಂದಿತ್ತು. ಒಣಗಲು ಮಲಗಿಸೋಣವೆಂದರೆ ಜಾಗವಿಲ್ಲ, ಅಕ್ಕ ಬರುವುದು ಬೆಳಿಗ್ಗೆ. ಕ್ಯಾಪ್ಟನ್ ಒದ್ದೆ ಬಾಗಿಲುಗಳನ್ನೇ ಕೀಲಿಗೆ ಸಿಕ್ಕಿಸಿದ. ಸಾಮಾನೆಲ್ಲ ತಾನೇ ಒಳಗೆ ಜೋಡಿಸಿದ. ಹೆಂಡತಿಯ ನೀಲಿ ಕೋಟು, ಶಾಲು, ಔಷಧಿಯ ಬಾಟಲಿ. ಕೊನೆಗೆ ಅವಳು ತುಂಬಿಟ್ಟುಕೊಂಡಿದ್ದ ಪ್ರಯಾಣದ ಬ್ಯಾಗಿಗೆ ಕೈ ಹಾಕಿದ.

"ಬ್ಯಾಗ್ ಹೊರಗೇ ಇರಲಿ" ಎಂದಳು ಹೆಂಡತಿ.

"ಬೇಡ ಕಣೇ. ಕಣ್ಣೆದುರಿಗೆ ಬ್ಯಾಗ್ ಇದ್ರೆ ಯಾರೋ ಹೊರಟಿರೋ ಹಾಗೆ ಕಾಣುತ್ತೆ."

"ನಾನು ಹೊರಟಿರೋಳೇ ಅಲ್ವಾ?"

ಕ್ಯಾಪ್ಟನ್ ಕೇಳಿಸದವನಂತೆ ಬ್ಯಾಗನ್ನು ಒಳಕ್ಕೆ ತುರುಕಿ, ಬಾಗಿಲು ಮುಚ್ಚಿ, ಚಿಲಕ ಸೇರಿಸಿದ. ಆಮೇಲೆ ಬೆತ್ತ ಬೇಗ ಒಣಗಲಿ ಎಂದು ಮೂಲೆಯ ಕಟ್ಟಿಗೆ ಒಲೆಗೆ ಬಾಯ್ತುಂಬ ಸೌದೆ ತುಂಬಿದ. ಹೆಂಡತಿ ಚಳಿ ಎಂದಾಗೆಲ್ಲ ಎರಡೇ ತುಂಡು ಸೌದೆ ಹಾಕುತ್ತಿದ್ದ ಒಲೆ ಅಂದು ಕೆಂಪಗೆ ಉರಿಯಿತು. ಬೆತ್ತ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. "ಕೇಳಿಸ್ತಾ? ಉಸಿರಾಡ್ತಿದೆ!" ಎಂದು ಬೆರಳಿನಿಂದ ಮೀಟಿ ತೋರಿಸಿದ. ಡಬ್ ಎಂದಿತು. ಹೆಂಡತಿ ಶಾಲು ಕೇಳಿದಳು. ಶಾಲು ಒಳಗಿದೆ, ಈಗ ತೆರೆದರೆ ಶಾಖ ತಪ್ಪುತ್ತದೆ ಎಂದ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಅಕ್ಕ ಬಂದಳು. ಎತ್ತರದ, ಗಟ್ಟಿ ದನಿಯ, ಹಲಗೆಯ ಮೇಲೆ ಹೆಜ್ಜೆಯಿಟ್ಟರೆ ದೋಣಿಗೇ ಗೊತ್ತಾಗುವಂಥ ಹೆಂಗಸು. ಕೊಡೆ ಮಡಚುತ್ತಲೇ ಮೂಗು ಅರಳಿಸಿದಳು.

"ಪರವಾಗಿಲ್ಲವೇ, ವಾಸನೆ ಕಮ್ಮಿ ಆಗಿದೆ."

ಕ್ಯಾಪ್ಟನ್ ಮೀಸೆಯ ಮೇಲೆ ಕೈಯಾಡಿಸಿದ. "ನೋಡಿ ಅತ್ತಿಗೆ, ಇನ್ನು ಇವಳು ಎಲ್ಲಿಗೂ ಹೋಗೋ ಅಗತ್ಯ ಇಲ್ಲ. ಗಾಳಿ ಬೇಕು ಅಂದ್ರಲ್ಲ ಡಾಕ್ಟರು? ಇಗೋ ಗಾಳಿ!"

"ಹಾಗಾ? ಸರಿ, ಇವಳ ಬ್ಯಾಗ್ ಎಲ್ಲಿ? ಬಸ್ ಹೊತ್ತಾಯ್ತು."

ಕ್ಯಾಪ್ಟನ್ ಮುಖ ಸಣ್ಣದು ಮಾಡಿಕೊಂಡು ಲಾಕರಿನ ಚಿಲಕಕ್ಕೆ ಕೈ ಹಾಕಿದ. ಚಿಲಕ ಜಪ್ಪಯ್ಯ ಎನ್ನಲಿಲ್ಲ. ಎರಡೂ ಕೈ ಹಾಕಿದ. ಊಹೂಂ. ದೂರ ನಿಂತು ನೋಡಿದಾಗ ಸಂಗತಿ ತಿಳಿಯಿತು. ಒದ್ದೆಯಿದ್ದಾಗಲೇ ಪ್ರಾಣ ಹೋಗುವಷ್ಟು ಬಿಗಿದಿದ್ದ ಬೆತ್ತ ಒಲೆಯ ಉರಿಗೆ ಇನ್ನಷ್ಟು ಬಿಗಿದು, ಎರಡು ಬೆರಳಗಲವೂ ಇಲ್ಲದ ಚೌಕಟ್ಟನ್ನು ನಾಲ್ಕೂ ಕಡೆಯಿಂದ ಜಗ್ಗಿತ್ತು. ಬಾಗಿಲುಗಳೆಲ್ಲ ಮಗುಚಿದ ಬಾಣಲೆಯ ಹಾಗೆ ಹೊಟ್ಟೆ ಉಬ್ಬಿಸಿಕೊಂಡಿದ್ದವು. ಮೂಲೆಗಳು ಗೋಡೆಯ ಮರಕ್ಕೆ ಕಚ್ಚಿಕೊಂಡಿದ್ದವು. ಚಿಲಕ ತನ್ನ ತೂತಿನಲ್ಲಿ ಸೊಟ್ಟಗೆ ಸಿಕ್ಕಿಬಿದ್ದಿತ್ತು. ಕೀಲಿನ ಸ್ಕ್ರೂ ಬಿಚ್ಚೋಣವೆಂದರೆ ಅವೆಲ್ಲ ಬಾಗಿಲಿನ ಒಳಮೈಯಲ್ಲಿ!

ಅಕ್ಕ ಬಗ್ಗಿ ಬೆತ್ತದ ಕಣ್ಣಿಗೆ ತನ್ನ ಕಣ್ಣು ಹಚ್ಚಿದಳು. "ಇಲ್ಲೇ ಇದೆಯಲ್ಲೇ ಬ್ಯಾಗು! ಕೋಟೂ ಕಾಣ್ತಿದೆ. ಶಾಲೂ ಇದೆ."

ಜೈಲಿನಲ್ಲಿದ್ದವರನ್ನು ನೋಡಲು ಬಂದ ಬಂಧುಗಳ ಹಾಗೆ ಮೂವರೂ ಜಾಲರಿಯ ಮುಂದೆ ಸಾಲಾಗಿ ಕೂತರು. ಎಲ್ಲವೂ ಕಾಣುತ್ತಿತ್ತು, ಏನೂ ಕೈಗೆ ಸಿಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಕ್ಯಾಪ್ಟನ್ನನಿಗೆ ಒಳಗೊಳಗೇ ಒಂದು ಸಮಾಧಾನ ಮೂಡಿತ್ತು. ಬ್ಯಾಗಿಲ್ಲದೆ ಅವಳು ಹೋಗುವುದಾದರೂ ಹೇಗೆ? ಬಾಗಿಲು ಕೆಟ್ಟಿತು, ಸರಿ. ಕೆಟ್ಟ ಬಾಗಿಲೇ ಅವನ ಪರವಾಗಿ ವಾದ ಮಾಡುತ್ತಿತ್ತು.

"ಗಾಬರಿ ಏನಿಲ್ಲ. ನೀರು ಚಿಮುಕಿಸಿದ್ರೆ ಮತ್ತೆ ಸಡಿಲ ಆಗುತ್ತೆ. ಸ್ವಲ್ಪ ಹೊತ್ತು ಹಿಡಿಯುತ್ತೆ ಅಷ್ಟೆ" ಎಂದು ಬಟ್ಟೆ ಅದ್ದಿ ಬಾಗಿಲಿಗೆ ಒತ್ತತೊಡಗಿದ.

"ಎಷ್ಟು ಹೊತ್ತು?" ಎಂದಳು ಅಕ್ಕ.

"ಮಧ್ಯಾಹ್ನ ಆಗಬಹುದು. ಸಂಜೆಯೂ ಆಗಬಹುದು. ಬೆತ್ತದ ಕೆಲಸ ನೋಡಿ, ಅವಸರ ಮಾಡೋ ಹಾಗಿಲ್ಲ."

"ಬೇಕಂತಲೇ ಮಾಡಿದ್ದೀರೇನ್ರೀ?"

"ಛೆ ಛೆ! ಏನು ಮಾತು ಅತ್ತಿಗೆ!"

ಅಷ್ಟರಲ್ಲಿ ಹೆಂಡತಿಗೆ ಕೆಮ್ಮು ಬಂತು. ಒಲೆಯ ಹೊಗೆಯೋ, ಗರಗಸದ ಪುಡಿಯೋ, ಬಂದದ್ದು ನಿಲ್ಲಲಿಲ್ಲ. ಮೇಜಿನ ಅಂಚು ಹಿಡಿದು ಬಗ್ಗಿದಳು. ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಅಕ್ಕ ಬೆನ್ನು ನೀವುತ್ತ "ಔಷಧಿ ಎಲ್ಲಿ?" ಎಂದು ಕೂಗಿದಳು. ಅವಳು ಮಾತಾಡಲಾಗದೆ ಕೈಯೆತ್ತಿ ತೋರಿಸಿದಳು. ಜಾಲರಿಯ ಆಚೆ, ಒಂದು ಗೇಣು ದೂರದಲ್ಲಿ, ಔಷಧಿಯ ಬಾಟಲಿ ನಿಂತಿತ್ತು. ಅದರ ಮುಚ್ಚಳವೂ ಕಾಣುತ್ತಿತ್ತು.

"ಒಂದೇ ನಿಮಿಷ, ಒಂದೇ ನಿಮಿಷ, ಈಗ ಸಡಿಲ ಆಗುತ್ತೆ" ಎನ್ನುತ್ತ ಕ್ಯಾಪ್ಟನ್ ಜೋರಾಗಿ ಬಟ್ಟೆ ಒತ್ತಿದ. ನೀರು ತೋಳಿನ ಮೇಲೆ ಇಳಿಯಿತು. ಬೆತ್ತ ಕದಲಲಿಲ್ಲ.

ಕೆಮ್ಮು ಒಂದು ಕ್ಷಣ ಬಿಡುವು ಕೊಟ್ಟಾಗ ಹೆಂಡತಿ ಉಸಿರೆಳೆದುಕೊಂಡು ಮೆಲ್ಲಗೆ ಹೇಳಿದಳು. "ಬಿಡಿ. ಬಾಗಿಲು ಹಾಳಾಗೋದು ಬೇಡ. ನಾನು ಹೀಗೇ ಹೋಗ್ತೀನಿ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ದನಿಯಲ್ಲಿ ಸಿಟ್ಟು ಇರಲೇ ಇಲ್ಲ. ಔಷಧಿಗಿಂತ ಬಾಗಿಲು ಗಂಡನಿಗೆ ಹೆಚ್ಚು ಎಂಬುದನ್ನು ಎಂದೋ ಒಪ್ಪಿಕೊಂಡವಳ ದನಿ ಅದು. ಕ್ಯಾಪ್ಟನ್ನನ ಕೈಯಿಂದ ಬಟ್ಟೆ ಜಾರಿತು. ನಾಚಿಕೆಯಿಂದ ಕಿವಿ ಸುಟ್ಟಂತಾಯಿತು. ಅವನು ಅಡಿಗೆಯ ಚೂರಿ ತೆಗೆದುಕೊಂಡು ಬಂದು ತನ್ನ ಎರಡು ದಿನದ ಕಲಾಕೃತಿಯ ನಟ್ಟನಡುವೆ ಇಳಿಸಿದ. ಅಷ್ಟು ಬಿಗಿದ ಬೆತ್ತ ಕೊಯ್ಯುವುದು ಎಷ್ಟು ಹೊತ್ತಿನ ಮಾತು? ಒಂದೇ ಗೀಟಿಗೆ ಪಟಾರ್ ಎಂದು ಸಿಡಿಯಿತು! ಚೂರೊಂದು ಬಂದು ಅವನ ಕೆನ್ನೆಗೇ ಬಾರಿಸಿತು.

ಬಾಟಲಿ ತೆಗೆದು ಮುಚ್ಚಳ ಬಿಚ್ಚಿಕೊಟ್ಟ. ಅವಳು ಕುಡಿದಳು. ಶಾಲು ತೆಗೆದುಕೊಟ್ಟ. ಅವಳು ಹೊದ್ದುಕೊಂಡಳು. ಕೋಟು ಕೊಟ್ಟ. ಕೊನೆಗೆ ಬ್ಯಾಗನ್ನೂ ತಾನೇ ಎಳೆದು ಹೊರತೆಗೆದು, ದಡದವರೆಗೆ ಹೊತ್ತು ತಂದ. ಹಲಗೆ ಜಾರುತ್ತಿತ್ತು. ಅಕ್ಕ ಮುಂದೆ ಮುಂದೆ ನಡೆದಳು.

"ಯಾವಾಗ ಬರ್ತೀಯ?" ಎಂದು ಕೇಳಿದ.

ಹೆಂಡತಿ ದೋಣಿಯನ್ನೂ ಮಳೆಯನ್ನೂ ನೋಡಿದಳು. "ಒಣಗಿದ ಮೇಲೆ" ಎಂದಳು. ಆ ಮಳೆಯ ಕೆಳಗೆ, ಆ ನೀರಿನ ಮೇಲೆ ಯಾವುದು ಎಂದಿಗೆ ಒಣಗುತ್ತದೆ ಎಂದು ಅವನು ಕೇಳಲಿಲ್ಲ. ಗೊತ್ತಿರುವುದನ್ನು ಕೇಳಿ ಏನು ಪ್ರಯೋಜನ.

ಆಮೇಲಿನ ದಿನಗಳು ಬಹಳ ಕೆಟ್ಟವು. ಜಾಲರಿ ಕೊಯ್ದ ಬಾಗಿಲಿನ ಲಾಕರಿನಲ್ಲಿ ಗಾಳಿ ಸೊಗಸಾಗಿ ಆಡುತ್ತಿತ್ತು. ಮುಗ್ಗಲು ವಾಸನೆ ಲವಲೇಶವೂ ಇರಲಿಲ್ಲ. ವಾಸನೆ ಹಿಡಿಯಲು ಒಳಗೆ ಏನಾದರೂ ಇದ್ದರಲ್ಲವೇ! ಉಳಿದ ಬಾಗಿಲುಗಳನ್ನು ಅವನು ಮುಟ್ಟಲಿಲ್ಲ. ತನ್ನ ಬಟ್ಟೆಗಳು ಅವುಗಳೊಳಗೆ ಸೆರೆಯಾಗಿದ್ದರಿಂದ ಮೈಮೇಲಿನ ಅಂಗಿಯನ್ನೇ ಒಗೆದು, ಕಂಬಳಿ ಸುತ್ತಿಕೊಂಡು, ಅದು ಒಣಗುವುದನ್ನು ಕಾಯುತ್ತ ಒಲೆಯ ಮುಂದೆ ಕೂರುತ್ತಿದ್ದ. ಕೆಮ್ಮಿನ ಸದ್ದಿಲ್ಲದ ದೋಣಿ ಎಷ್ಟು ಮೂಕವಾಗಿರುತ್ತದೆ ಎಂಬುದು ಅವನಿಗೆ ಆಗ ತಿಳಿಯಿತು. ಅವಳು ಇಷ್ಟು ಕಾಲ ಎಷ್ಟು ಕೆಮ್ಮಿದ್ದಳು ಎಂಬುದೂ ಆಗಲೇ ತಿಳಿಯಿತು. ಚಹಾ ಮಾಡುವಾಗ ಎರಡು ಲೋಟ ಇಟ್ಟು, ಒಂದನ್ನು ಮತ್ತೆ ಒಳಗಿಡುತ್ತಿದ್ದ.

ಕೊನೆಗೊಂದು ದಿನ, ಅರ್ಧ ಒಣಗಿದ ಅಂಗಿಯ ಮೇಲೆ, ಗೂಟಕ್ಕೆ ನೇತಾಡುತ್ತಿದ್ದ ಕೆಲಸದ ಕೋಟು ಏರಿಸಿಕೊಂಡು ಬಸ್ ಹತ್ತಿದ. ದಾರಿಯುದ್ದಕ್ಕೂ ಭಾಷಣ ಕಟ್ಟಿದ. ತಪ್ಪು ಎಲ್ಲಿ ಆಯಿತೆಂದು ಪತ್ತೆ ಹಚ್ಚಿದ್ದೇನೆ, ಚೌಕಟ್ಟು ಅಗಲ ಇಟ್ಟು, ಬೆತ್ತ ಎಳೆಯದೆ ಕೂರಿಸಿದರೆ ಬಾಗಿಲು ಬಾಗುವುದಿಲ್ಲ, ಈ ಸಲ ನೀನೇ ನಿಂತು ನೋಡು, ಇತ್ಯಾದಿ ಇತ್ಯಾದಿ. ಅಕ್ಕನ ಮನೆ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟಿನೊಳಗೆ ಮೋಟಾರು ಗೊರಗುಟ್ಟುತ್ತಿದ್ದರೂ ಅವನು ತಲೆಯೆತ್ತಿ ನೋಡಲಿಲ್ಲ. ಅವನ ಮಟ್ಟಿಗೆ ಅದು ಸಣ್ಣ ವಿಷಯವಲ್ಲ.

ಬಾಗಿಲು ಬಡಿದ. ಅಕ್ಕ ಒಂದು ಗೇಣು ತೆರೆದು, ಆ ಸಂದಿಯಲ್ಲೇ ಗೋಡೆಯಾಗಿ ನಿಂತಳು. ಅವಳ ಹಿಂದೆ ಬೆಚ್ಚನೆಯ ಕೋಣೆ, ಒಣಗಿದ ನೆಲ, ಕಿಟಕಿಯ ಪಕ್ಕದಲ್ಲಿ ಒಂದು ಕುರ್ಚಿಯ ಬೆನ್ನು. ಕುರ್ಚಿಯಲ್ಲಿ ಯಾರೋ ಕೆಮ್ಮಿದರು. ಮೊದಲಿನಷ್ಟಲ್ಲ, ಸಣ್ಣದಾಗಿ ಒಂದೇ ಸಲ.

ಕಟ್ಟಿದ ಭಾಷಣವೆಲ್ಲ ಹಾರಿಹೋಯಿತು. "ಕೆಮ್ಮು ಹೇಗಿದೆ?" ಎಂದ ಕ್ಯಾಪ್ಟನ್.

ಅಕ್ಕ ಹುಬ್ಬೇರಿಸಿದಳು.

"ನಿನ್ನ ಕೇಳದೆ ದೋಣಿ ತಗೊಂಡೆ" ಎಂದ, ಅಕ್ಕನ ಭುಜದ ಮೇಲಿಂದ ಕುರ್ಚಿಯ ಬೆನ್ನಿಗೆ ಕೇಳಿಸುವಂತೆ. "ಅಲ್ಲಿ ನನಗೆ ಒಬ್ಬನೇ ಇರೋಕೆ ಆಗ್ತಿಲ್ಲ ಕಣೇ. ಆಗ್ತಾನೇ ಇಲ್ಲ."

ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ತೆಗೆದು ಮುಚ್ಚಿದರು. ಆಮೇಲೆ ಕುರ್ಚಿ ಮಾತಾಡಿತು.

"ಅಕ್ಕ, ಬರಿಗೈಲಿ ಬಂದಿದ್ದಾರಾ ನೋಡು."

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೈ ಖಾಲಿ ಇದೆ. ಕೋಟಿನ ಜೇಬು ಉಬ್ಬಿದೆ."

"ಏನಂತೆ ಅದು?"

ಕ್ಯಾಪ್ಟನ್ ಜೇಬಿಗೆ ಕೈ ಹಾಕಿದ. ಯಾವಾಗ ಹಾಕಿಕೊಂಡನೋ ಅವನಿಗೇ ಗೊತ್ತಿಲ್ಲ, ಕೈಗೆ ಬಂದದ್ದು ಅಳತೆಯ ಟೇಪು. ಅದನ್ನು ಅಂಗೈ ಮೇಲಿಟ್ಟು ಕಳ್ಳನ ಹಾಗೆ ನಿಂತ.

"ಅಳತೆ ಟೇಪು ಕಣೇ" ಎಂದಳು ಅಕ್ಕ.

ಒಳಗೆ ಒಂದು ನಿಟ್ಟುಸಿರು ಕೇಳಿಸಿತು.

"ಅದನ್ನ ಚಪ್ಪಲಿ ಪಕ್ಕದಲ್ಲಿ ಹೊರಗೇ ಬಿಟ್ಟು ಒಳಗೆ ಬರೋಕೆ ಹೇಳು. ಈ ಮನೆ ಬಾಗಿಲೆಲ್ಲ ಚೆನ್ನಾಗಿ ಮುಚ್ಚುತ್ತೆ, ಚೆನ್ನಾಗಿ ತೆಗೆಯುತ್ತೆ ಅಂತಾನೂ ಹೇಳು."